ಕಲ್ಲಿನ ಎದುರು ಕನ್ನಡದ ಓದು: ಮುಂಬೈಯ ವಸ್ತುಸಂಗ್ರಹಾಲಯಗಳು ಮತ್ತು ಸ್ಥಳಾಧ್ಯಯನ

ಕನ್ನಡ ಸ್ನಾತಕೋತ್ತರ ಅಧ್ಯಯನದಲ್ಲಿ ಶಾಸನಗಳಿಗೆ ಗೌರವದ ಸ್ಥಾನವಿದೆ. ಹಲ್ಮಿಡಿಯಿಂದ ಮೊದಲುಗೊಂಡು ಬಾದಾಮಿ, ಶ್ರವಣಬೆಳಗೊಳ, ಆತಕೂರುಗಳವರೆಗೆ ಹಲವಾರು ಶಾಸನಗಳನ್ನು ವಿದ್ಯಾರ್ಥಿಗಳು ಓದುತ್ತಾರೆ. ವ್ಯಾಕರಣ ರೂಪಗಳನ್ನು ಗುರುತಿಸುತ್ತಾರೆ, ಛಂದಸ್ಸನ್ನು ಬಿಡಿಸುತ್ತಾರೆ, ಅರ್ಥ ಬರೆಯುತ್ತಾರೆ. ಆದರೆ ಈ ಓದೆಲ್ಲ ನಡೆಯುವುದು ಅಚ್ಚಾದ ಪುಟದ ಮೇಲೆ. ಕಲ್ಲು ಎಷ್ಟು ಎತ್ತರವಿದೆ, ಅಕ್ಷರಗಳು ಶಿಲ್ಪದ ಮೇಲಿವೆಯೋ ಕೆಳಗಿವೆಯೋ, ಸಾಲು ಎಲ್ಲಿ ಮುರಿದು ಎಲ್ಲಿ ತಿರುಗುತ್ತದೆ, ಆ ಕಲ್ಲು ಈಗ ಎಲ್ಲಿದೆ ಎಂಬ ಪ್ರಶ್ನೆಗಳು ಪರೀಕ್ಷೆಗೆ ಬರುವುದಿಲ್ಲವಾದ್ದರಿಂದ ತರಗತಿಗೂ ಬರುವುದಿಲ್ಲ. ಹಲ್ಮಿಡಿ ಶಾಸನದ ಪಾಠವನ್ನು ಕಂಠಸ್ಥವಾಗಿ ಹೇಳಬಲ್ಲ ವಿದ್ಯಾರ್ಥಿಗೆ, ಮೂಲಶಿಲೆ ಈಗ ಆ ಊರಿನಲ್ಲಿಲ್ಲವೆಂಬುದು, ಅಲ್ಲಿ ನಿಂತಿರುವುದು ಅದರ ಪ್ರತಿಕೃತಿಯೆಂಬುದು ತಿಳಿಯದಿರುವ ಸಂದರ್ಭಗಳು ಅಪರೂಪವಲ್ಲ.

ಊರಿನಿಂದ ಕದಲಿಸಿ ತಂದ ಯಾವುದೇ ಪ್ರಾಚೀನ ವಸ್ತು ಅರ್ಧ ಪಠ್ಯ ಮಾತ್ರ. ಉಳಿದರ್ಧ ಅದು ಬಿಟ್ಟುಬಂದ ಸ್ಥಳದಲ್ಲಿರುತ್ತದೆ: ಅಲ್ಲಿಯ ಗೋಡೆಯ ಖಾಲಿ ಜಾಗದಲ್ಲಿ, ಊರಿನವರು ಅದಕ್ಕಿಟ್ಟ ಹೆಸರಿನಲ್ಲಿ, ಅದು ಮುಖಮಾಡಿದ್ದ ದಿಕ್ಕಿನಲ್ಲಿ. ವಸ್ತುಸಂಗ್ರಹಾಲಯ ವಿಜ್ಞಾನವೆಂದು ಇಂದು ಕರೆಯಲಾಗುವ ಶಾಸ್ತ್ರದ ದೊಡ್ಡ ಪಾಲು ಈ ಎರಡು ಅರ್ಧಗಳ ಸಂಬಂಧವನ್ನು ಕಾಪಾಡುವ ಕೆಲಸವೇ ಆಗಿದೆ. ಭಾರತದಲ್ಲಿ ಈ ಶಾಸ್ತ್ರದ ವಿಶ್ವವಿದ್ಯಾಲಯ ಮಟ್ಟದ ಬೋಧನೆ ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಲ್ಲಿ ಆರಂಭವಾಯಿತು. ದೆಹಲಿಯಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೊಂದಿಕೊಂಡ ಅಧ್ಯಯನ ಸಂಸ್ಥೆ 1989ರಲ್ಲಿ ಸ್ಥಾಪನೆಯಾಯಿತು. ಈ ಬೋಧನೆಯಲ್ಲಿ ತರಗತಿಯ ಉಪನ್ಯಾಸಕ್ಕಿಂತ ವಸ್ತುವಿನ ಎದುರು ನಡೆಯುವ ಕಲಿಕೆಗೆ ಹೆಚ್ಚಿನ ಬೆಲೆ. ಭಾಷಾ ವಿಭಾಗಗಳು ಮಾತ್ರ ಇದು ಇತಿಹಾಸದವರ ಕೆಲಸ, ಕಲಾವಿಮರ್ಶಕರ ಕೆಲಸವೆಂದು ದೂರ ನಿಂತಿವೆ. ಹೀಗೆ ದೂರ ನಿಂತದ್ದರಿಂದ ಕನ್ನಡದ ಅಧ್ಯಯನಕ್ಕೂ ನಷ್ಟವಾಗಿದೆ, ವಸ್ತುಸಂಗ್ರಹಾಲಯಗಳಿಗೂ ನಷ್ಟವಾಗಿದೆ. ಹೊರನಾಡಿನ ಕನ್ನಡ ವಿಭಾಗಗಳಲ್ಲಿ, ಅದರಲ್ಲಿಯೂ ಮುಂಬೈಯಲ್ಲಿ, ಈ ನಷ್ಟವನ್ನು ತುಂಬಿಕೊಳ್ಳುವ ಅವಕಾಶ ಕೈಗೆಟಕುವಷ್ಟು ಹತ್ತಿರದಲ್ಲಿದೆ.

ಮುಂಬೈಗೆ ಕನ್ನಡನಾಡಿನ ಶಿಲ್ಪಗಳು ಹೇಗೆ ಬಂದವು ಎಂಬ ಪ್ರಶ್ನೆಗೆ ಉತ್ತರ ಆಡಳಿತದ ಚರಿತ್ರೆಯಲ್ಲಿದೆ. ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬೈ ಆಡಳಿತಕ್ಕೆ ಸೇರಿದ್ದವು. ಐಹೊಳೆಯ ಕಲ್ಲಿಗೆ ರಾಜಧಾನಿ ಮುಂಬೈಯೇ ಆಗಿತ್ತು. ಈ ಆಡಳಿತದ ನಾಗರಿಕ ಸೇವೆಯಲ್ಲಿದ್ದ ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥವನ್ನು 1882ರಲ್ಲಿ ಪ್ರಕಟಿಸಿದರು. ಹೆನ್ರಿ ಕಸಿನ್ಸ್ ಅವರ ವಿಜಾಪುರದ ವಾಸ್ತುವನ್ನು ಕುರಿತ ಗ್ರಂಥ 1916ರಲ್ಲಿಯೂ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತದ್ದು 1926ರಲ್ಲಿಯೂ ಬಂದವು. 1804ರಲ್ಲಿ ಹುಟ್ಟಿದ ಮುಂಬೈಯ ಸಾಹಿತ್ಯ ಸಮಾಜ ಮುಂದೆ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬೈ ಶಾಖೆಯಾಗಿ ಬೆಳೆದು ಶಿಲ್ಪ, ನಾಣ್ಯ, ಹಸ್ತಪ್ರತಿಗಳನ್ನು ಕೂಡಿಹಾಕಿತು. ಈ ಸೊಸೈಟಿಯ ಸಂಗ್ರಹ ಹಾಗೂ ಪುಣೆಯ ಹಳೆಯ ಮ್ಯೂಸಿಯಮ್ಮಿನ ಸಂಗ್ರಹಗಳೇ ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಪುರಾತತ್ತ್ವ ವಿಭಾಗಕ್ಕೆ ಬುನಾದಿಯಾದವು.

ಹಳೆಯ ಮುಂಬೈ ಕನ್ನಡಿಗರ ಬಾಯಲ್ಲಿ ಇಂದಿಗೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ ಎಂದೇ ಉಳಿದಿರುವ ಈ ಸಂಸ್ಥೆಯ ಅಡಿಗಲ್ಲು ಬಿದ್ದುದು 1905ರ ನವೆಂಬರ್ 11ರಂದು. ಕಟ್ಟಡ 1914ರಲ್ಲಿ ಮುಗಿದರೂ ಮಹಾಯುದ್ಧದ ಕಾಲದಲ್ಲಿ ಸೈನಿಕ ಆಸ್ಪತ್ರೆಯಾಗಿ ಬಳಕೆಯಾದುದರಿಂದ ಸಾರ್ವಜನಿಕರಿಗೆ ತೆರೆದುದು 1922ರ ಜನವರಿ 10ರಂದು. ಹೆಸರು ಬದಲಾದುದು 1998ರಲ್ಲಿ. ಕುರ್ಲಾದ ಕಪ್ಪು ಬೂದು ಬಣ್ಣದ ಬಸಾಲ್ಟ್ ಮತ್ತು ಮಲಾಡಿನ ತಿಳಿಹಳದಿ ಕಲ್ಲುಗಳಿಂದ ಇದನ್ನು ಕಟ್ಟಿದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಗೇಟ್‌ವೇ ಆಫ್ ಇಂಡಿಯಾದ ನಿರ್ಮಾಪಕರೂ ಅವರೇ.

ವಿದ್ಯಾರ್ಥಿಗಳನ್ನು ಕರೆದೊಯ್ಯುವ ಅಧ್ಯಾಪಕರು ನೇರವಾಗಿ ಗಾಜಿನ ಪೆಟ್ಟಿಗೆಗಳತ್ತ ನಡೆಯುವುದು ವಾಡಿಕೆ. ಆದರೆ ನಡುವಿನ ಗುಮ್ಮಟದ ಕೆಳಗೆ ನಿಂತು ತಲೆಯೆತ್ತಿ ನೋಡುವುದರಿಂದ ಪಾಠ ಆರಂಭವಾಗುವುದು ಉಚಿತ. ಒಂದನ್ನೊಂದು ಛೇದಿಸುತ್ತ ಮೇಲೇರಿ, ಚೌಕದ ತಳವನ್ನು ವೃತ್ತಕ್ಕೆ ಹೊಂದಿಸುವ ಕಮಾನುಗಳ ಕ್ರಮ ಅಲ್ಲಿ ಕಾಣುತ್ತದೆ. 1656ರಲ್ಲಿ ಮುಗಿದ, ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ವಿಜಾಪುರದ ಗೋಲ್ ಗುಮ್ಮಟದಲ್ಲಿ ಆ ಮಹಾಭಾರವನ್ನು ಹೊರುವ ಉಪಾಯ ಇದೇ ಆಗಿದೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳನ್ನು ಹೆಣೆದಾಗ ನಡುವೆ ಕಿರಿದಾದ ಎಂಟು ಮೂಲೆಯ ಆಧಾರ ದೊರೆಯುತ್ತದೆ. ಗುಮ್ಮಟದ ತೂಕ ಹೊರಕ್ಕೆ ಒತ್ತದೆ ಒಳಕ್ಕೆ ವಾಲಿ ನಿಲ್ಲುತ್ತದೆ. ಈ ಸಂಗ್ರಹಾಲಯದಲ್ಲಿ ಕನ್ನಡನಾಡಿನಿಂದ ಬಂದ ಮೊದಲ ವಸ್ತು ಹೀಗೆ ನೋಡುಗರ ನೆತ್ತಿಯ ಮೇಲೆಯೇ ಇದೆ. ಅದಕ್ಕೆ ಪರಿಗ್ರಹಣ ಸಂಖ್ಯೆಯಿಲ್ಲ.

ಐಹೊಳೆಯ ಶಿಲ್ಪಗಳ ಎದುರು ಸ್ಥಳಾಧ್ಯಯನದ ನಿಜವಾದ ಕೆಲಸ ಆರಂಭವಾಗುತ್ತದೆ. ಏಳನೆಯ ಶತಮಾನದ ಬಾದಾಮಿ ಚಾಲುಕ್ಯ ಕಾಲದ ಒಳಛಾವಣಿಯ ಫಲಕಗಳು ಇಲ್ಲಿವೆ. ಋಷಿಗಳ ನಡುವೆ ಕುಳಿತ ಬ್ರಹ್ಮನ ಫಲಕ ಅವುಗಳಲ್ಲಿ ಪ್ರಸಿದ್ಧವಾದುದು. ಕನ್ನಡದ ದೇವಾಲಯ ಪರಿಭಾಷೆಯಲ್ಲಿ ಇಂತಹ ಅಲಂಕೃತ ಒಳಛಾವಣಿಗೆ ಭುವನೇಶ್ವರಿಯೆಂಬ ಹೆಸರಿದೆ. ಫಲಕವನ್ನು ನೆಟ್ಟಗೆ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ತಂದಾಗ ನೋಡುಗನಿಗೆ ಅನುಕೂಲವಾಗುತ್ತದೆ, ನಿಜ. ಆದರೆ ಶಿಲ್ಪಿ ಅದನ್ನು ಕೆತ್ತಿದ್ದು ಗುಡಿಯ ಮಬ್ಬುಬೆಳಕಿನಲ್ಲಿ, ನೆಲದಿಂದ ಪ್ರತಿಫಲಿಸಿ ಮೇಲೇರುವ ಬೆಳಕಿಗೆ, ಕೆಳಗೆ ನಿಂತು ಕತ್ತೆತ್ತಿ ನೋಡುವ ಭಕ್ತನಿಗೆ. ಉಬ್ಬುಗಳ ಆಳವನ್ನು ಆತ ಅದಕ್ಕೆ ತಕ್ಕಂತೆ ಅಳೆದಿದ್ದಾನೆ. ಮುಂಬೈಯ ಫಲಕವನ್ನು ಕಂಡ ವಿದ್ಯಾರ್ಥಿ ಐಹೊಳೆಗೆ ಹೋಗಿ, ತ್ರಿಮೂರ್ತಿಗಳ ಫಲಕಗಳು ಇಂದಿಗೂ ಸ್ವಸ್ಥಾನದಲ್ಲಿರುವ ಹುಚ್ಚಪ್ಪಯ್ಯ ಮಠದ ಒಳಗೆ ನಿಂತಾಗ ಈ ವ್ಯತ್ಯಾಸ ಯಾವ ವಿವರಣೆಯೂ ಇಲ್ಲದೆ ಅರ್ಥವಾಗುತ್ತದೆ. ಮೊದಲು ಐಹೊಳೆ, ಆಮೇಲೆ ಮುಂಬೈ ಎಂಬ ಕ್ರಮವೂ ಆಗಬಹುದು. ಎರಡನ್ನೂ ನೋಡಬೇಕೆಂಬುದು ಮಾತ್ರ ಮುಖ್ಯ.

ಇಲ್ಲಿ ಭಾಷೆಯ ವಿದ್ಯಾರ್ಥಿಗೆ ಒಂದು ವಿಶೇಷ ಹೊಣೆಯಿದೆ. ಐಹೊಳೆಯ ಗುಡಿಗಳ ಇಂದಿನ ಹೆಸರುಗಳು ಶಾಸನೋಕ್ತವಾದವುಗಳಲ್ಲ. ಪೂಜೆ ನಿಂತುಹೋದ ಗುಡಿಗಳಲ್ಲಿ ಊರಿನ ಜನ ಮನೆ ಹೂಡಿದರು. ಅವರ ಹೆಸರುಗಳೇ ಗುಡಿಗಳಿಗೆ ಅಂಟಿಕೊಂಡವು. ಲಾಡಖಾನ ಗುಡಿ, ಗೌಡರ ಗುಡಿ, ಹುಚ್ಚಪ್ಪಯ್ಯನ ಗುಡಿ ಇವೆಲ್ಲ ಆ ಬಾಳಿಕೆಯ ದಾಖಲೆಗಳು. ಕಲಾಚರಿತ್ರೆಯ ಪುಸ್ತಕಗಳಲ್ಲಿ ಈ ಹೆಸರುಗಳು ಕೇವಲ ಗುರುತುಗಳಾಗಿ ಉಳಿದಿವೆ. ಇನ್ನೂ ಸ್ವಾರಸ್ಯಕರವಾದುದು ಐಹೊಳೆಯ ಅತಿ ಪ್ರಸಿದ್ಧ ಗುಡಿಯ ಹೆಸರು. ರೋಮನ್ ಲಿಪಿಯಲ್ಲಿ ಅದನ್ನು ಓದಿದವರು ದುರ್ಗಾದೇವಿಯ ಆಲಯವೆಂದು ಭಾವಿಸುತ್ತಾರೆ. ಹಾಗೆಂದು ಬರೆದವರೂ ಇದ್ದಾರೆ. ಕನ್ನಡ ಬಲ್ಲವನಿಗೆ ಅದು ದುರ್ಗದ ಗುಡಿ, ಕೋಟೆಗೆ ಹೊಂದಿಕೊಂಡಿದ್ದ ಗುಡಿ. ಒಂದು ದೀರ್ಘಸ್ವರ ಒಂದು ದೇವಾಲಯದ ದೇವತೆಯನ್ನೇ ಬದಲಿಸಿತು! ಲೇಬಲ್ಲುಗಳ ತಿದ್ದುಪಡಿಗೆ ಎಷ್ಟೋ ವೇಳೆ ಪುರಾತತ್ತ್ವದ ಆಳವಾದ ಪಾಂಡಿತ್ಯ ಬೇಕಾಗುವುದಿಲ್ಲ, ಊರಿನ ಮಾತನ್ನು ಕೇಳಿಸಿಕೊಂಡ ಕಿವಿ ಸಾಕಾಗುತ್ತದೆ.

ಐಹೊಳೆಯಲ್ಲಿಯೇ ಇದಕ್ಕೆ ವಿರುದ್ಧವಾದ ಉದಾಹರಣೆಯೂ ದೊರೆಯುತ್ತದೆ. ಕ್ರಿ.ಶ. 634ರ ರವಿಕೀರ್ತಿಯ ಶಾಸನ ಮೇಗುಟಿಯ ಗೋಡೆಯನ್ನು ಬಿಟ್ಟು ಕದಲಿಲ್ಲ. ತಾನು ನಿಂತಿರುವ ಜಿನಾಲಯದ ನಿರ್ಮಾಣವನ್ನೇ ಅದು ಹೇಳುತ್ತದೆಯಾದ್ದರಿಂದ ಶಾಸನಕ್ಕೂ ಸ್ಥಳಕ್ಕೂ ನಡುವೆ ಅಲ್ಲಿ ಅಂತರವೇ ಇಲ್ಲ. ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳ ಪದ್ಯಗಳನ್ನು ಆ ಬೆಟ್ಟದ ಮೇಲೆ ನಿಂತು ಓದುವುದೂ ಪುಸ್ತಕದಲ್ಲಿ ಓದುವುದೂ ಒಂದೇ ಅನುಭವವಲ್ಲ.

ಸ್ಥಳದಿಂದ ಕದಲಿದ ಶಿಲೆಯ ದಾಖಲೆ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಮುಂಬೈಗೆ ತಾಗಿದಂತೆಯೇ ಒಂದು ನಿದರ್ಶನವಿದೆ. ಎಲಿಫೆಂಟಾ ಅಥವಾ ಘಾರಾಪುರಿಯ ಮಹಾಗುಹೆಯ ಬಾಗಿಲಿನ ಮೇಲೆ ಒಂದು ಶಾಸನಶಿಲೆ ಇತ್ತೆಂದೂ, ಪೋರ್ಚುಗೀಸರು ಅದನ್ನು ತಮ್ಮ ದೇಶಕ್ಕೆ ಸಾಗಿಸಿದರೆಂದೂ, ಅಲ್ಲಿ ಅದನ್ನು ಓದಬಲ್ಲವರು ಸಿಗಲಿಲ್ಲವೆಂದೂ ಪೋರ್ಚುಗೀಸ್ ಚರಿತ್ರಕಾರ ಡಿಯೊಗೊ ದೊ ಕೂಟೊ ಬರೆದಿದ್ದಾನೆ. ಆ ಕಲ್ಲು ಮತ್ತೆ ಪತ್ತೆಯಾಗಲಿಲ್ಲ. ಈ ಗುಹೆಯನ್ನು ಕೆತ್ತಿಸಿದವರು ಕಲಚುರಿಗಳೋ ಚಾಲುಕ್ಯರೋ ರಾಷ್ಟ್ರಕೂಟರೋ ಎಂಬ ದೀರ್ಘ ಚರ್ಚೆಗೆ ಆ ಒಂದು ಕಲ್ಲಿನ ನಾಪತ್ತೆಯೇ ಕಾರಣ. ಅಲ್ಲಿ ದೊರೆತ ನಾಣ್ಯಗಳನ್ನೂ ಶಿಲ್ಪಶೈಲಿಯನ್ನೂ ಆಧರಿಸಿ ಆರನೆಯ ಶತಮಾನದ ಕಲಚುರಿಗಳ ಕಡೆಗೆ ಇಂದು ಹೆಚ್ಚಿನ ವಿದ್ವಾಂಸರು ಒಲಿದಿದ್ದರೂ ಅದು ಅನುಮಾನವೇ ಹೊರತು ಶಾಸನದ ಮಾತಲ್ಲ. ದ್ವೀಪಕ್ಕೆ ಆ ಹೆಸರು ಬರಲು ಕಾರಣವಾದ ಕಲ್ಲಾನೆಯೂ ಅಲ್ಲಿಲ್ಲ. ಇಂಗ್ಲೆಂಡಿಗೆ ಸಾಗಿಸುವ ಪ್ರಯತ್ನದಲ್ಲಿ ಒಡೆದು, ಆಮೇಲೆ ಮತ್ತೆ ಜೋಡಿಸಲ್ಪಟ್ಟು, ಬೈಕಲಾದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಂತಿದೆ. ರಾಣಿಬಾಗಿಗೆ ಪ್ರಾಣಿಗಳನ್ನು ನೋಡಲು ಮಕ್ಕಳನ್ನು ಕರೆದೊಯ್ಯುವ ಎಷ್ಟು ಕನ್ನಡ ಕುಟುಂಬಗಳು ಈ ಆನೆಯ ಮುಂದೆ ನಿಂತಿವೆಯೋ ಹೇಳುವುದು ಕಷ್ಟ.

ಹಾಗಾದರೆ ವಸ್ತುಗಳನ್ನು ಊರಲ್ಲಿಯೇ ಬಿಡಬೇಕಿತ್ತೇ? ಈ ಪ್ರಶ್ನೆಗೆ ಭಾವುಕವಾದ ಉತ್ತರ ಸುಲಭ, ಸರಿಯಾದ ಉತ್ತರ ಸುಲಭವಲ್ಲ. ಬಯಲಿನಲ್ಲಿ ಬಿದ್ದ ಎಷ್ಟೋ ಶಾಸನಗಳು ಬಟ್ಟೆ ಒಗೆಯುವ ಕಲ್ಲಾಗಿ, ಹೊಲದ ಬದುವಾಗಿ, ಹೊಸ ಕಟ್ಟಡದ ಬುನಾದಿಯಾಗಿ ನಾಶವಾಗಿವೆ. ವಸ್ತುಸಂಗ್ರಹಾಲಯಕ್ಕೆ ಬಂದವು ಉಳಿದಿವೆ. ಐಹೊಳೆ, ಬಾದಾಮಿ, ಹಳೇಬೀಡು, ಹಂಪಿಯ ಕಮಲಾಪುರಗಳಲ್ಲಿ ಪುರಾತತ್ತ್ವ ಇಲಾಖೆ ನಡೆಸುತ್ತಿರುವ ಸ್ಥಳ ವಸ್ತುಸಂಗ್ರಹಾಲಯಗಳು ಈ ಇಕ್ಕಟ್ಟಿಗೆ ಒಂದು ಮಧ್ಯಮ ಮಾರ್ಗ: ವಸ್ತು ನೆರಳಿಗೆ ಬರುತ್ತದೆ, ಊರನ್ನೂ ಬಿಡುವುದಿಲ್ಲ. ಆದರೂ ಕದಲಿಕೆಯಿಂದ ಆಗುವ ನಷ್ಟ ಎಂಥದೆಂಬುದನ್ನು ಶಾಸನವೇ ಹೇಳುವ ಅಪರೂಪದ ಸಂದರ್ಭವೊಂದಿದೆ. ಮುಂಬೈಯಿಂದ ಅಧ್ಯಯನ ಪ್ರವಾಸಕ್ಕೆ ಹೊರಟು ಬೆಂಗಳೂರನ್ನು ತಲುಪುವ ವಿದ್ಯಾರ್ಥಿಗಳು ಕಬ್ಬನ್ ಉದ್ಯಾನದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅದನ್ನು ನೋಡಬಹುದು.

ಅದು ಆತಕೂರಿನ ಕಲ್ಲು. ಕ್ರಿ.ಶ. 949-50ರ ಈ ಶಾಸನ ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಇಮ್ಮಡಿ ಬೂತುಗರು ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದ ಯುದ್ಧವನ್ನು ದಾಖಲಿಸುವುದರಿಂದ ಚರಿತ್ರಕಾರರಿಗೆ ಪ್ರಿಯವಾದುದು. ಆದರೆ ಕಲ್ಲಿನ ಎದುರು ನಿಂತವನಿಗೆ ಮೊದಲು ಕಾಣುವುದು ಯುದ್ಧವಲ್ಲ. ಹಂದಿಯೊಡನೆ ಸೆಣಸುತ್ತಿರುವ ನಾಯಿ. ಬೂತುಗ ತನ್ನ ಸೇವಕ ಮಣಲೇರನಿಗೆ ಮೆಚ್ಚಿ ಏನು ಬೇಕೆಂದಾಗ ಆತ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಅಚ್ಚಿನ ಪಾಠದಲ್ಲಿ ಯುದ್ಧವೇ ಪ್ರಧಾನ, ನಾಯಿ ಒಂದು ಕುತೂಹಲ. ಕಲ್ಲಿನಲ್ಲಿ ಅಕ್ಷರಗಳ ನಡುವೆ ಜಾಗ ಪಡೆದದ್ದು ನಾಯಿ. ಈ ಪ್ರಾಧಾನ್ಯದ ಪಲ್ಲಟ ಪುಟದ ಮೇಲೆ ಗೋಚರಿಸುವುದಿಲ್ಲ. ಇನ್ನೂ ಮುಂದಕ್ಕೆ ಓದಿದರೆ, ಆ ಸ್ಥಾನವನ್ನು ಆಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆ ಬರುತ್ತದೆ. ತಾನು ಎಲ್ಲಿರಬೇಕು, ತನ್ನನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಕಲ್ಲು ತಾನೇ ಬರೆದುಕೊಂಡಿದೆ. ಸಂರಕ್ಷಣೆಯ ಇಷ್ಟು ಹಳೆಯ ಕರಾರು ತನ್ನ ಮುಂದೆಯೇ ಇರುವಾಗ, ವಸ್ತುಸಂಗ್ರಹಾಲಯದ ಇಂದಿನ ನಿರ್ವಾಹಕ ಒಂದು ಅರ್ಥದಲ್ಲಿ ಆ ಗೊರವನ ಉತ್ತರಾಧಿಕಾರಿಯೇ ಆಗಿದ್ದಾನೆ. ಶಾಸನದಲ್ಲಿ ಬರುವ ಬಾಳ್ಗಚ್ಚು ಎಂಬ ಪದವನ್ನೂ ಇಲ್ಲಿಯೇ ನಿಂತು ಬಿಡಿಸುವುದು ಒಳ್ಳೆಯದು. ಕತ್ತಿಯನ್ನು ತೊಳೆದು ವೀರನಿಗೆ ಭೂಮಿ ಕೊಡುವ ಆ ವಿಧಿಯ ಹೆಸರಿಗೆ ಸರಿಸಮನಾದ ಪದ ಬೇರೆ ಭಾಷೆಯ ಲೇಬಲ್ಲಿನಲ್ಲಿ ಸಿಗುವುದು ಕಷ್ಟ.

ಮುಂಬೈಯ ವಿದ್ಯಾರ್ಥಿಗಳು ವೀರಗಲ್ಲನ್ನು ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೊರಿವಲಿಯ ಪಶ್ಚಿಮಕ್ಕೆ ಎಕ್ಸಾರ್ ಗ್ರಾಮದಲ್ಲಿ ಶಿಲಾಹಾರರ ಕಾಲದ ವೀರಗಲ್ಲುಗಳಿವೆ. 1882ರ ಠಾಣೆ ಜಿಲ್ಲೆಯ ಗೆಝೆಟಿಯರ್ ಆರು ಕಲ್ಲುಗಳನ್ನು ವಿವರವಾಗಿ ವರ್ಣಿಸಿದೆ. ಕರ್ನಾಟಕದ ವೀರಗಲ್ಲುಗಳಲ್ಲಿ ದನಗಳು, ಕುದುರೆಗಳು, ಬಿಲ್ಲಾಳುಗಳನ್ನು ಕಂಡು ರೂಢಿಯಾದ ಕಣ್ಣಿಗೆ ಇಲ್ಲಿಯ ಕೆಲವು ಕಲ್ಲುಗಳ ಪಟ್ಟಿಕೆಗಳಲ್ಲಿ ಸಾಲುಹುಟ್ಟುಗಳ ಹಡಗುಗಳು ಎದುರಾಗುತ್ತವೆ, ಇದು ಸಮುದ್ರಯುದ್ಧ. ಯಾವ ಯುದ್ಧವೆಂಬುದರ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಓದುವ ಕ್ರಮ ಮಾತ್ರ ಪರಿಚಿತವಾದುದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮೇಲೆ ಅಪ್ಸರೆಯರು ವೀರನನ್ನು ಒಯ್ಯುವುದು, ತುದಿಯಲ್ಲಿ ದೇವರ ಸನ್ನಿಧಿ. ಪುಸ್ತಕವನ್ನು ಮೇಲಿನಿಂದ ಕೆಳಕ್ಕೆ ಓದುವ ವಿದ್ಯಾರ್ಥಿ ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಸ್ಥಳೀಯರು ಅದಕ್ಕೆ ಹೇಳುವ ಹೆಸರನ್ನೂ ಗಮನಿಸಬೇಕು. ಮರಾಠಿಯ ‘ವೀರಗಳ’ ಎಂಬ ಪದದಲ್ಲಿರುವುದು ಕನ್ನಡದ ಕಲ್ಲು. ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಮಾಂಡಲಿಕರಾಗಿ ಬಂದವರು. ಅವರ ಬಿರುದುಗಳಲ್ಲಿ ಕನ್ನಡ ಪದಗಳಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅರಸರು ಹೋದರು, ಆಡಳಿತ ಭಾಷೆ ಬದಲಾಯಿತು, ಕಲ್ಲಿನ ಹೆಸರಿನಲ್ಲಿ ಒಂದು ಪದ ಉಳಿಯಿತು. ಹಳಗನ್ನಡ ಶಾಸನಗಳು ವೀರನ ಮರಣದ ಸಂದರ್ಭಗಳನ್ನು ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂದು ಬೇರೆ ಬೇರೆಯಾಗಿ ಹೆಸರಿಸುತ್ತವೆ. ಎಂ. ಚಿದಾನಂದಮೂರ್ತಿಯವರ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಪ್ರಕಟವಾದ 1966ರಿಂದಲೂ, ಎಸ್. ಶೆಟ್ಟರ್ ಮತ್ತು ಗುಂಥರ್ ಸೊಂಥೈಮರ್ ಸಂಪಾದಿಸಿದ ಸ್ಮಾರಕ ಶಿಲೆಗಳ ಗ್ರಂಥ ಬಂದ 1982ರಿಂದಲೂ ಈ ಬಗೆಯ ವಿವೇಚನೆಗೆ ಗಟ್ಟಿಯಾದ ತಳಹದಿಯಿದೆ. ಇಷ್ಟಾದರೂ ಸಂಗ್ರಹಾಲಯಗಳಲ್ಲಿ ಇವೆಲ್ಲಕ್ಕೂ ವೀರಸ್ಮಾರಕವೆಂಬ ಒಂದೇ ಹೆಸರು ಸಾಕಾಗಿಬಿಡುವುದು ವಿಷಾದದ ಸಂಗತಿ. ದನ ಕಾಯಲು ಹೋಗಿ ಸತ್ತವನೂ ಹೆಣ್ಣಿನ ಮಾನಕ್ಕಾಗಿ ಸತ್ತವನೂ ಒಂದೇ ಲೇಬಲ್ಲಿನ ಕೆಳಗೆ ನಿಂತಿದ್ದಾರೆ.

ಅದೇ ಬೊರಿವಲಿಯ ಪೂರ್ವಕ್ಕೆ, ರಾಷ್ಟ್ರೀಯ ಉದ್ಯಾನದ ಒಳಗಿರುವ ಕನ್ಹೇರಿ ಗುಹೆಗಳಿಗೆ ಜನ ಹೋಗುವುದು ಬಹುಮಟ್ಟಿಗೆ ಮಳೆಗಾಲದ ವಿಹಾರಕ್ಕೆ. ನೂರಕ್ಕೂ ಮಿಕ್ಕ ಗುಹೆಗಳಿರುವ ಈ ಬೌದ್ಧನೆಲೆಯ ಶಾಸನಗಳಲ್ಲಿ ಕವಿರಾಜಮಾರ್ಗದ ಆಶ್ರಯದಾತನಾದ ಅಮೋಘವರ್ಷನ ಹೆಸರಿದೆ ಎಂಬುದು ಕನ್ನಡ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಶಕ 765, 775, 799ರ ಮೂರು ಶಾಸನಗಳು ಆತನ ಆಳ್ವಿಕೆಯಲ್ಲಿ, ಕೊಂಕಣದ ಶಿಲಾಹಾರ ಮಾಂಡಲಿಕರಾದ ಪುಲ್ಲಶಕ್ತಿ ಮತ್ತು ಇಮ್ಮಡಿ ಕಪರ್ದಿಯರ ಕಾಲದಲ್ಲಿ ಆದವು, ಭಾಷೆ ಸಂಸ್ಕೃತ. ಒಂದರಲ್ಲಿ ದಾನಿ ಗೌಡದೇಶದಿಂದ, ಅಂದರೆ ಬಂಗಾಳದಿಂದ, ಬಂದ ಅವಿಘ್ನಾಕರನೆಂಬ ಬೌದ್ಧ. ಆತ ಕೊಟ್ಟದ್ದು 100 ದ್ರಮ್ಮಗಳು. ಇನ್ನೊಂದರಲ್ಲಿ ವಿಹಾರದ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ ಇಟ್ಟ ದತ್ತಿಯ ಜೊತೆಗೆ ಪುಸ್ತಕಗಳಿಗಾಗಿಯೂ ಒಂದು ಅಂಶವನ್ನು ತೆಗೆದಿರಿಸಲಾಗಿದೆ. ಮಾನ್ಯಖೇಟದಲ್ಲಿ ಕನ್ನಡದ ಮೊದಲ ಉಪಲಬ್ಧ ಲಕ್ಷಣಗ್ರಂಥ ರೂಪುಗೊಂಡ ಆ ಕಾಲದಲ್ಲಿಯೇ, ಅದೇ ಅರಸನ ನಾಡಿನ ಪಡುವಣ ಅಂಚಿನ ಒಂದು ಗುಹೆಯಲ್ಲಿ ಪುಸ್ತಕದ ಖರ್ಚಿಗೆ ಹಣ ಮೀಸಲಾಗಿತ್ತು. ಕವಿರಾಜಮಾರ್ಗದ ಪಾಠವನ್ನು ವರ್ಷಕ್ಕೊಮ್ಮೆಯಾದರೂ ಕನ್ಹೇರಿಯ ಮೆಟ್ಟಿಲುಗಳ ಮೇಲೆ ಮಾಡಲು ಅಡ್ಡಿಯಿಲ್ಲ. ದೊಡ್ಡ ವೆಚ್ಚವೇನೂ ಆಗುವುದಿಲ್ಲ.

ಹೋದವರು ಅಲ್ಲಿ ಮಾಡಬೇಕಾದುದೇನು? ಮೊದಲನೆಯದಾಗಿ, ಮಾಡಬಾರದ್ದನ್ನು ಕಲಿಯಬೇಕು. ಮಾಸಿದ ಅಕ್ಷರಗಳು ಕಾಣಲೆಂದು ಸೀಮೆಸುಣ್ಣ ಅಥವಾ ಹಿಟ್ಟು ತುಂಬುವ ಹಳೆಯ ರೂಢಿ ನಮ್ಮ ಕ್ಷೇತ್ರಕಾರ್ಯದಲ್ಲಿ ಇನ್ನೂ ಉಳಿದಿದೆ. ಅದು ಕಲ್ಲಿನ ಮೈಗೆ ಹಾನಿ. ಅಷ್ಟೇ ಅಲ್ಲ, ಒಬ್ಬ ಓದುಗನ ಊಹೆಯನ್ನು ಮುಂದಿನವರ ಕಣ್ಣಿಗೆ ಸತ್ಯವೆಂದು ತೋರಿಸುವ ಅಪಚಾರ. ಓರೆಯಾಗಿ ಬೀಳುವ ಬೆಳಗಿನ ಬಿಸಿಲು, ಇಲ್ಲವೆ ಪಕ್ಕದಿಂದ ಹಿಡಿದ ಟಾರ್ಚಿನ ಬೆಳಕು ಅಕ್ಷರದ ಗೆರೆಯಲ್ಲಿ ನೆರಳು ಮೂಡಿಸಿ ಅದೇ ಕೆಲಸವನ್ನು ಮಾಡುತ್ತದೆ. ಪಡಿಯಚ್ಚು ತೆಗೆಯುವ ವಿಧಾನವನ್ನು ಅಧಿಕೃತ ಅನುಮತಿಯಿರುವ ಶಾಸನತಜ್ಞರ ಬಳಿ ನಿಂತು ನೋಡಬೇಕು: ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು ಗೆರೆಗಳೊಳಕ್ಕೆ ಇಳಿಸಿ, ಅರೆಯೊಣಗಿದಾಗ ಮಸಿಯ ಒತ್ತುಚೀಲದಿಂದ ಒತ್ತುವ ಆ ಕೆಲಸದಲ್ಲಿ ಕೈ ಸ್ವಲ್ಪ ಆತುರಪಟ್ಟರೆ ಒಂದು ದೀರ್ಘ ಹುಟ್ಟುತ್ತದೆ, ಇಲ್ಲವೆ ಒಂದು ಒತ್ತಕ್ಷರ ಸಾಯುತ್ತದೆ. ಪಾಠಾಂತರಗಳು ಎಲ್ಲಿಂದ ಬರುತ್ತವೆ ಎಂಬ ಗ್ರಂಥಸಂಪಾದನೆಯ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಸಂಗ್ರಹಾಲಯದ ಒಳಗಿನ ಕೆಲಸ ಬೇರೆ ಬಗೆಯದು. ಒಂದು ದಿನಕ್ಕೆ ಒಬ್ಬ ವಿದ್ಯಾರ್ಥಿಗೆ ಒಂದೇ ವಸ್ತು ಸಾಕು. ಲೇಬಲ್ಲನ್ನು ಓದುವ ಮುನ್ನ ಅರ್ಧಗಂಟೆ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಬೇಕು. ಆಮೇಲೆ ಲೇಬಲ್ಲಿನೊಡನೆ ಹೋಲಿಸಬೇಕು. ಕನ್ನಡದಲ್ಲಿ ಬರೆಯತೊಡಗಿದಾಗಲೇ ಪದಗಳ ಬಡತನ ಅರಿವಾಗುವುದು. ಶಿಲ್ಪದ ಮೈಮೇಲಿನ ಒಡವೆಗಳಿಗೆ, ಉಡುಗೆಯ ನೆರಿಗೆಗಳಿಗೆ, ಕೂರುವ ಭಂಗಿಗಳಿಗೆ ಪಂಪ, ರನ್ನರಲ್ಲಿ ಓದಿದ ಹೆಸರುಗಳಿವೆ. ಅವನ್ನು ಕಲ್ಲಿನ ಮೇಲೆ ಗುರುತಿಸಲು ಯಾರೂ ಕಲಿಸಿಲ್ಲ. ಕಾವ್ಯದಲ್ಲಿ ಬರುವ ಒಂದು ಆಭರಣದ ಹೆಸರು ನಿಘಂಟಿನಲ್ಲಿ ‘ಒಂದು ಬಗೆಯ ಒಡವೆ’ ಎಂದಷ್ಟೇ ಮುಗಿಯುವಲ್ಲಿ ಸಮಕಾಲೀನ ಶಿಲ್ಪ ಅದನ್ನು ಕಣ್ಣಿಗೆ ತೋರಿಸಬಹುದು. ಓಲೆಗರಿಯ ಪ್ರದರ್ಶನಗಳಲ್ಲಿ ದೀಪ ಮಂದವಾಗಿರುವುದನ್ನು ದೂರುವ ಬದಲು ಅದರ ಕಾರಣವನ್ನು ಕೇಳಿ ತಿಳಿಯಬೇಕು: ಕಾಗದ, ಬಟ್ಟೆ, ಓಲೆಗಳಂತಹ ಸೂಕ್ಷ್ಮ ವಸ್ತುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ ಮೀರಬಾರದೆಂಬುದು ಸಾಮಾನ್ಯವಾಗಿ ಅನುಸರಿಸುವ ನಿಯಮ. ಗರಿಗೆ ಹುಲ್ಲೆಣ್ಣೆ ಸವರಿ, ಮಸಿ ತುಂಬಿ, ಹಲಗೆಗಳ ನಡುವೆ ಕಟ್ಟಿಡುತ್ತಿದ್ದ ಹಿರಿಯರ ಕ್ರಮವೂ ಇದೇ ಎಚ್ಚರದಿಂದ ಹುಟ್ಟಿದ್ದು.

ಇತರ ನಗರಗಳ ಕನ್ನಡ ವಿದ್ಯಾರ್ಥಿಗಳಿಗೂ ಸಾಮಗ್ರಿಗೆ ಕೊರತೆಯಿಲ್ಲ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಐಹೊಳೆಯ ಹಾರುವ ಗಂಧರ್ವ ದಂಪತಿಗಳಿದ್ದಾರೆ. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕಾಲಿನ್ ಮೆಕೆಂಝಿಯ ಸಂಗ್ರಹದ ಕನ್ನಡ ಕೈಫಿಯತ್ತುಗಳಿವೆ, ಎಂ. ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಕರ್ನಾಟಕದ ಕೈಫಿಯತ್ತುಗಳು 1994ರಲ್ಲಿ ಅಚ್ಚಾಗಿ ಬಂದ ಮೇಲೂ ಮೂಲಪ್ರತಿಯ ಅಕ್ಷರ, ಕಾಗದ, ಅಂಚಿನ ಟಿಪ್ಪಣಿಗಳು ನೋಡಿಯೇ ತಿಳಿಯಬೇಕಾದವು. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞರು ಬಳ್ಳಾರಿ ಸೀಮೆಯ ಸಂಗನಕಲ್ಲು, ತೆಕ್ಕಲಕೋಟೆಗಳಲ್ಲಿ ಉತ್ಖನನ ನಡೆಸಿದವರು.

ಇದುವರೆಗೆ ಹೇಳಿದ್ದೆಲ್ಲ ಕನ್ನಡನಾಡಿನಿಂದ ಹೊರಗೆ ಬಂದ ಅಥವಾ ಹೊರಗೇ ಇದ್ದ ಪ್ರಾಚೀನ ವಸ್ತುಗಳ ಮಾತಾಯಿತು. ಹೊರನಾಡ ಕನ್ನಡಿಗರು ತಾವೇ ಉಂಟುಮಾಡಿದ ವಸ್ತುಗಳ ಗತಿಯೇನು? ಹಗಲು ಹೋಟೆಲು, ಕಾರ್ಖಾನೆಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ತಲೆಮಾರು ಮುಂಬೈ ಕನ್ನಡ ಬದುಕಿನ ಬೆನ್ನೆಲುಬಾಗಿತ್ತು. ಆ ಶಾಲೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಅವುಗಳ ಹಾಜರಿ ಪುಸ್ತಕಗಳು, ಸಂಘಗಳ ನಡವಳಿ ಪುಸ್ತಕಗಳು, ನಾಟಕ ಹಾಗೂ ಯಕ್ಷಗಾನಗಳ ಕರಪತ್ರಗಳು, ಊರಿಗೆ ಕಳಿಸಿದ ಮನಿಯಾರ್ಡರಿನ ರಸೀತಿಗಳು, ಹೋಟೆಲಿನ ಬೆಲೆಪಟ್ಟಿಯ ಹಲಗೆಗಳು ಯಾವ ಗಾಜಿನ ಪೆಟ್ಟಿಗೆಯನ್ನೂ ಸೇರಿಲ್ಲ. ಕಟ್ಟಡ ಕೆಡವಿ ಹೊಸದು ಕಟ್ಟುವಾಗ ಇಂತಹವು ರದ್ದಿಗೆ ಹೋಗುತ್ತವೆ. 1972ರ ಪ್ರಾಚೀನ ವಸ್ತುಗಳ ಕಾಯಿದೆ ಸಾಮಾನ್ಯ ವಸ್ತುಗಳಿಗೆ 100 ವರ್ಷ, ಸಾಹಿತ್ಯಕ ಹಾಗೂ ಐತಿಹಾಸಿಕ ಮೌಲ್ಯದ ಹಸ್ತಪ್ರತಿಗಳಿಗೆ 75 ವರ್ಷದ ಮಿತಿಯನ್ನು ಹಾಕಿದೆ. ಆ ವಯಸ್ಸನ್ನು ಮುಟ್ಟುವವರೆಗೂ ಇವು ಉಳಿದರೆ ತಾನೆ?

ಸ್ಥಳಾಧ್ಯಯನದಲ್ಲಿ ಪರಿಗ್ರಹಣದ ಕ್ರಮವನ್ನು ಕಲಿತ ವಿದ್ಯಾರ್ಥಿ ಆ ಕೆಲಸವನ್ನು ತನ್ನ ಬಡಾವಣೆಯ ಸಂಘದ ಕಪಾಟಿನಿಂದ ಆರಂಭಿಸಬಹುದು. ಒಂದು ದಪ್ಪ ವಹಿ, ಪ್ರತಿ ವಸ್ತುವಿಗೂ ಒಂದು ಸಂಖ್ಯೆ, ಅಳತೆ, ಈಗಿರುವ ಸ್ಥಿತಿ, ಕೊಟ್ಟವರು ಯಾರು, ಅವರಿಗೆ ಅದು ಯಾರಿಂದ ಬಂತು, ತಂದ ದಿನ ಯಾವುದು: ಇಷ್ಟಕ್ಕೆ ದೊಡ್ಡ ಅನುದಾನ ಬೇಕಾಗದು. ವಸ್ತುವಿನ ಹೆಸರಿನ ಅಂಕಣದಲ್ಲಿ ಕೊಟ್ಟವರು ಅದನ್ನು ಕರೆದ ಮಾತನ್ನೇ, ಅದು ತುಳುವಿನದಿರಲಿ, ಕೊಂಕಣಿಯದಿರಲಿ, ಧಾರವಾಡದ ಆಡುಮಾತಿರಲಿ, ಮೊದಲು ಬರೆದುಕೊಳ್ಳಬೇಕು. ಗ್ರಾಂಥಿಕ ಹೆಸರನ್ನು ಅದರ ಕೆಳಗೆ ಬರೆಯಬಹುದು.